ನೀರಾನೆಗೆ ಗೆಸಾರೆಯ ಹಲ್ಲು

"ಇನ್ನೂ ಅಗಲ ಮಾಡು. ಗಂಟಲು ಕಾಣ್ಬೇಕು."

ಗೆಸಾರೆ ಇನ್ನೂ ಅಗಲ ಮಾಡಿದಳು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ ಬಾಯಿ ತೆರೆದಿದ್ದಳು. ಜೊಲ್ಲು ಗದ್ದದಿಂದ ಇಳಿದು ಕತ್ತಿನವರೆಗೆ ಬಂದಿತ್ತು. ಒರೆಸಿಕೊಳ್ಳುವ ಹಾಗಿರಲಿಲ್ಲ. ನೀರಾನೆ ಜೊಲ್ಲು ಒರೆಸಿಕೊಳ್ಳುವುದಿಲ್ಲ ಎಂದು ತಾತ ಆಗಲೇ ಗದರಿಸಿದ್ದ.

ತಾತನ ಹೆಸರು ಮಾಟುಂಡುರಾ. ಅವನು ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕಣ್ಣು ಮೊಮ್ಮಗಳ ಬಾಯಿಯೊಳಗೆ, ಇನ್ನೊಂದು ಕಣ್ಣು ಕೈಯಲ್ಲಿದ್ದ ಕಲ್ಲಿನ ಮೇಲೆ ಇಟ್ಟು ಕೆತ್ತುತ್ತಿದ್ದ. ಅದು ಬಳಪದ ಕಲ್ಲು. ಉಳಿ ತಾಗಿದರೆ ಸಾಕು, ಹಿಟ್ಟಿನ ಹಾಗೆ ಉದುರುತ್ತದೆ. ತಾತನ ಹುಬ್ಬು, ಗಡ್ಡ, ಅಂಗಿ, ಪಕ್ಕದಲ್ಲಿಟ್ಟ ಚಹಾ ಎಲ್ಲವೂ ಬೆಳ್ಳಗಾಗಿದ್ದವು. ತಾತ ಆ ಚಹಾವನ್ನು ಹಾಗೇ ಕುಡಿದು, ಹಾಲು ಜಾಸ್ತಿಯಾಯಿತು ಎಂದ.

ನಮ್ಮೂರು ಟಬಾಕಾದ ಕತೆಯೇ ಹೀಗೆ. ಗುಡ್ಡದ ಮೇಲೆ ಇರುವುದು ಬಾಳೆ, ಜೋಳ, ಹಸು. ಆದರೆ ನಮ್ಮೂರಿನಿಂದ ದೂರದೇಶಗಳಿಗೆ ಲಾರಿ ತುಂಬ ಸಿಂಹ ಹೋಗುತ್ತದೆ, ಆನೆ ಹೋಗುತ್ತದೆ, ಜಿರಾಫೆ ಹೋಗುತ್ತದೆ. ಎಲ್ಲ ಕಲ್ಲಿನವು, ಎಲ್ಲ ಅಂಗೈಯಗಲದವು. ಅವುಗಳಲ್ಲಿ ಒಂದನ್ನೂ ಜೀವಂತ ನೋಡಿದವರು ಊರಿನಲ್ಲಿಲ್ಲ. ಸಿಂಹ ಕೆತ್ತುವುದರಲ್ಲಿ ಗಟ್ಟಿಗನಾದ ಒಂಬಾಸಾ, ಬೀದಿನಾಯಿ ಬಂದರೆ ಬಾಳೆಗಿಡದ ಹಿಂದೆ ಸೇರುತ್ತಾನೆ. ಕೊಳ್ಳುವವರು ಮಾತ್ರ ನಾವು ದಿನಾ ಬೆಳಿಗ್ಗೆ ಜಿರಾಫೆಯನ್ನು ಪಕ್ಕಕ್ಕೆ ತಳ್ಳಿಕೊಂಡು ನೀರಿಗೆ ಹೋಗುತ್ತೇವೆ ಎಂದುಕೊಂಡಿದ್ದಾರೆ. ಅವರ ನಂಬಿಕೆ ಕೆಡಿಸುವ ಮನಸ್ಸು ನಮಗೂ ಬಂದಿಲ್ಲ.

ಹೀಗಿರುವಾಗ ಹೊಸ ಆರ್ಡರು ಬಂತು. ಸಮುದ್ರದಾಚೆ ಒಂದು ಅಂಗಡಿ ಇದೆ. ಕೈಯಲ್ಲಿ ಮಾಡಿದ ಉಡುಗೊರೆಗಳನ್ನು ಮಾರಿ, ಬಂದ ಲಾಭವನ್ನು ನಮ್ಮ ಶಾಲೆಯ ಮಧ್ಯಾಹ್ನದ ಊಟಕ್ಕೆ ಕಳಿಸುವ ಅಂಗಡಿ. ಪ್ರತಿ ಗೊಂಬೆಯ ಕತ್ತಿಗೂ ಒಂದು ಚೀಟಿ ಕಟ್ಟಿರುತ್ತಾರೆ: ಇದನ್ನು ಕೊಂಡರೆ ಒಂದು ಮಗುವಿಗೆ ಊಟ. ಆ ಮಕ್ಕಳು ನಮ್ಮವರೇ. ಜೋಳ ಮತ್ತು ಹುರುಳಿ ಬೇಯಿಸಿದ ತಟ್ಟೆ ಮುಂದಿಟ್ಟುಕೊಂಡು, "ನನ್ನ ತಟ್ಟೇಲಿ ಜಿರಾಫೆ ಕತ್ತು ಬಂದಿದೆ, ನಿಂಗೇನು ಬಂತು?" ಎಂದು ಕೇಳುವುದು ಶಾಲೆಯಲ್ಲಿ ರೂಢಿ.

ಈ ಸಲ ಅಂಗಡಿಯವರಿಗೆ ಬಾಯಿ ತೆರೆದ ನೀರಾನೆ ಬೇಕಿತ್ತು. ನಮ್ಮವರು ಅಲ್ಲಿಯವರೆಗೆ ಕೆತ್ತಿದ್ದೆಲ್ಲ ಬಾಯಿ ಮುಚ್ಚಿದ ನೀರಾನೆ. ಬನ್ನಿಗೆ ಕಿವಿ ಇಟ್ಟರೆ ಆಯಿತು, ನೀರಾನೆ. ಒಳಗೆ ಏನಿದೆ ಎಂದು ಯಾರೂ ಯೋಚಿಸಿರಲಿಲ್ಲ.

ಕೆತ್ತುವವರ ಗುಂಪಿನ ಯಜಮಾನಿ ಬೊಸಿಬೋರಿ ಅತ್ತೆ. ಫೋನಿನಲ್ಲಿ ಫೋಟೋ ಹುಡುಕಿ ತೋರಿಸುತ್ತೇನೆ ಎಂದು ಅವಳು ಅವತ್ತೇ ಹೇಳಿದ್ದಳು. ತಾತ ಬೇಡ ಎಂದ. ಫೋಟೋ ಎಂದರೆ ಚಪಾತಿ, ಮುಟ್ಟಿದರೆ ಚಪ್ಪಟೆ. ಮನೆಯಲ್ಲೇ ಹಿಪ್ಪೋ ಕಂಡು ಬಂದವಳು ಇರುವಾಗ ಫೋಟೋ ಯಾಕೆ ಎಂದು ಎದೆ ಸೆಟೆಸಿ ಕೇಳಿದ.

ಕಂಡು ಬಂದವಳು ಎಂದರೆ ಗೆಸಾರೆ.

ಗೆಸಾರೆ ರಜೆಯಲ್ಲಿ ಕಿಸುಮುವಿನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಅಲ್ಲಿ ದೊಡ್ಡ ಸರೋವರ. ಮರಳಿ ಬಂದವಳು ಬೆನ್ನಿಗೆ ಒಂದು ಚೀಲ, ಬಾಯಲ್ಲಿ ಒಂದು ಹಿಪ್ಪೋ ಹೊತ್ತು ತಂದಿದ್ದಳು. ಅದು ಹೇಗೆ ಆಕಳಿಸುತ್ತದೆ, ಹೇಗೆ ಗೊರಕೆ ಹೊಡೆಯುತ್ತದೆ, ಹೇಗೆ ಹೆಡ್‌ಮಾಸ್ಟರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುತ್ತದೆ ಎಂದು ಅವಳು ಮಾಡಿ ತೋರಿಸಿದರೆ ಇಡೀ ಕ್ಲಾಸು ಬೆಂಚಿನಿಂದ ಬೀಳುತ್ತಿತ್ತು. ಒಮ್ಮೆ ಹೆಡ್‌ಮಾಸ್ಟರೇ ಕಿಟಕಿಯಲ್ಲಿ ನಿಂತು ನಕ್ಕಿದ್ದರು. ಯಾರ ನಡಿಗೆ ಎಂದು ಅವರಿಗೆ ಗೊತ್ತಾಗಿರಲಿಲ್ಲ.

ನಿಜಕ್ಕೂ ಅವಳು ನೋಡಿದ್ದು ಎರಡು ಕಿವಿ. ದೂರದಲ್ಲಿ, ನೀರಿನ ಮೇಲೆ, ಪುಟ್ಟ ಎರಡು ಕಿವಿ. ಪಟಪಟ ಅಂದವು, ಮುಳುಗಿದವು. ಸಂಜೆಯವರೆಗೆ ಕಾದರೂ ಮತ್ತೇನೂ ಮೇಲೆ ಬರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಆ ಕಿವಿಗೆ ಒಂದು ತಲೆ ಅಂಟಿತು. ಮನೆ ಮುಟ್ಟುವಾಗ ಮೈ ಬಂತು. ಕ್ಲಾಸಿಗೆ ಹೋಗುವಾಗ ಬಾಯಿ ತೆರೆಯಿತು.

ಈಗ ಆ ಬಾಯಿಯ ಮುಂದೆ ತಾತ ಉಳಿ ಹಿಡಿದು ಕುಳಿತಿದ್ದ.

ಹಲ್ಲು ಹೀಗೇ ಸಾಲಾಗಿ ಇರುತ್ತದಾ ಎಂದು ಅವನು ಕೇಳಿದ. ಗೆಸಾರೆ ಹೌದೆಂದು ತಲೆ ಅಲ್ಲಾಡಿಸಿದಳು. ಕಲ್ಲಿಗೂ ಹಲ್ಲಿಗೂ ಒಂದೇ ಅಕ್ಷರದ ದೂರ ನೋಡಿ, ತಾತ ಚಕಚಕನೆ ಮೇಲೊಂದು ಸಾಲು, ಕೆಳಗೊಂದು ಸಾಲು ಕೆತ್ತಿಬಿಟ್ಟ. ಆಮೇಲೆ ಕೈ ನಿಲ್ಲಿಸಿದ. ಗೆಸಾರೆಯ ಕೆಳಗಿನ ಕೋರೆಹಲ್ಲು ಹೋದ ವಾರವಷ್ಟೇ ಬಿದ್ದಿತ್ತು. ಅಲ್ಲಿ ಒಂದು ಸಂದಿ.

"ಈ ಸಂದಿ ಹಿಪ್ಪೋಗೂ ಇದ್ಯಾ?"

ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಎಂದರೆ, ಮತ್ತೆ ಅಲ್ಲಿ ಏನಿದೆ ಎಂದು ತಾತ ಕೇಳುತ್ತಾನೆ.

"ಇದೆ ತಾತ. ಅಲ್ಲಿಂದಾನೇ ನೀರು ಚಿಮ್ಮಿಸೋದು."

ತಾತ ಮೆಚ್ಚಿಕೊಂಡು ತಲೆದೂಗಿದ. ದೇವರು ಎಷ್ಟು ಯೋಚನೆ ಮಾಡಿ ಮಾಡಿದ್ದಾನೆ ನೋಡು ಎಂದು ಅಲ್ಲೊಂದು ಸಂದಿ ಕೊರೆದ.

ಆ ನೀರಾನೆ ಮಾದರಿಯಾಯಿತು. ಅಂಗಳದಲ್ಲಿ ಕುಳಿತ ಕೆತ್ತುವವರೆಲ್ಲ ಅದನ್ನು ನೋಡಿಕೊಂಡು ತಮ್ಮ ತಮ್ಮ ಕಲ್ಲು ಕೆತ್ತಿದರು. ಹೆಂಗಸರು ಬೇಸಿನ್ನಿನ ನೀರಿನಲ್ಲಿ ಅದ್ದಿ ಪಾಲಿಶ್ ಪೇಪರಿನಿಂದ ಉಜ್ಜಿದರು. ಉಜ್ಜುತ್ತ ಉಜ್ಜುತ್ತ, ಈ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಬೊಸಿಬೋರಿ ಅತ್ತೆ ಎರಡು ಸಲ ಹೇಳಿದಳು. ಎಲ್ಲಿ ಎಂದು ಅವಳಿಗೆ ಹೊಳೆಯಲಿಲ್ಲ.

ಮೂರು ಪೆಟ್ಟಿಗೆ ನೀರಾನೆ ಸಿದ್ಧವಾದವು. ಮಾರನೆಯ ದಿನ ನೈರೋಬಿಯಿಂದ ಅಂಗಡಿಯ ಪರವಾಗಿ ಒಬ್ಬರು ಬಂದು ನೋಡಿ ತೆಗೆದುಕೊಂಡು ಹೋಗುವುದು ಎಂದಾಯಿತು. ಇವು ಪಾಸಾದರೆ ಮುಂದಿನ ಟರ್ಮಿನ ಊಟಕ್ಕೆ ಚಿಂತೆ ಇಲ್ಲ. ತಾತ ಊರೆಲ್ಲ ಹೇಳಿಕೊಂಡು ಬಂದ, ಈ ಸಲ ಮಕ್ಕಳಿಗೆ ನನ್ನ ಮೊಮ್ಮಗಳೇ ಊಟ ಹಾಕುತ್ತಿದ್ದಾಳೆ ಎಂದು.

ಅವತ್ತೇ ಮಧ್ಯಾಹ್ನ ಶಾಲೆಯ ಮುಂದೆ ಊರೂರಿಗೆ ಜನರನ್ನು ಸಾಗಿಸುವ ಒಂದು ಮಟಾಟು ವ್ಯಾನು ಕೆಸರಿನಲ್ಲಿ ಹೂತುಕೊಂಡಿತು.

ತಳ್ಳಲು ಇಡೀ ಕ್ಲಾಸು ಓಡಿತು. ಪಾಠ ತಪ್ಪುವುದಾದರೆ ನಮ್ಮ ಮಕ್ಕಳು ರೈಲನ್ನೂ ತಳ್ಳಿಯಾರು. ಗೆಸಾರೆ ಎಲ್ಲರಿಗಿಂತ ಮುಂದೆ ಹೋಗಿ ವ್ಯಾನಿನ ಹಿಂಬದಿಗೆ ಎರಡೂ ಅಂಗೈ ಒತ್ತಿ ನಿಂತಳು. ಆಮೇಲೆ ತಲೆ ಎತ್ತಿದಳು.

ವ್ಯಾನಿನ ಹಿಂಬದಿಯ ತುಂಬ ಒಂದು ನೀರಾನೆಯ ಚಿತ್ರ. ಬಾಯಿ ತೆರೆದ ನೀರಾನೆ. ಕೆಳದವಡೆಯ ಎರಡು ಮೂಲೆಗೆ ಬಾಳೆಕಾಯಿಯಂಥ ಎರಡು ಕೋರೆಗಳು. ನಡುವೆ ದನ ಕಟ್ಟುವ ಗೂಟದ ಹಾಗೆ ಎರಡು. ಸಾಲು ಹಲ್ಲು ಇಲ್ಲ. ಸಂದಿಯಂತೂ ಇಲ್ಲವೇ ಇಲ್ಲ. ಗೆಸಾರೆಯ ಎಡಗೈ ಸರಿಯಾಗಿ ಒಂದು ಕೋರೆಯ ಮೇಲಿತ್ತು.

ಪಕ್ಕದಲ್ಲಿ ತಳ್ಳುತ್ತಿದ್ದವನು ನ್ಯಾಂಗಾವು. ನ್ಯಾಂಗಾವು ಎಂದರೆ ನಮ್ಮ ಮಾತಿನಲ್ಲಿ ಕತ್ತೆಕಿರುಬ. ಅವನು ಕತ್ತೆಕಿರುಬವನ್ನು ಕಂಡಿಲ್ಲ, ಕನ್ನಡಿ ಕಂಡಿದ್ದಾನೆ ಅಷ್ಟೆ. ಅವನೂ ಚಿತ್ರ ನೋಡಿ, ತಳ್ಳುವುದನ್ನು ಬಿಟ್ಟು ನಗಲು ಶುರು ಮಾಡಿದ.

"ಏ ಡ್ರೈವರಣ್ಣ, ಯಾರು ನಿಮ್ಮ ಪೇಂಟರ್ರು? ಅವನಿಗೆ ಹಿಪ್ಪೋನೇ ಗೊತ್ತಿಲ್ಲ. ನಮ್ಮ ಗೆಸಾರೆನ ಕೇಳಿ, ಅವಳು ಕಣ್ಣಾರೆ ನೋಡಿದಾಳೆ."

ಕ್ಲಾಸಿಗೆ ಕ್ಲಾಸೇ ಹೌದು ಹೌದು ಎಂದಿತು. ಹಿಪ್ಪೋ ಹಲ್ಲು ಇಷ್ಟುದ್ದ ಇದ್ದರೆ ಬಾಯಿ ಮುಚ್ಚುವುದು ಹೇಗೆ ಎಂದು ಒಬ್ಬಳು ಕೇಳಿದಳು. ನೀರು ಚಿಮ್ಮಿಸುವ ಸಂದಿ ಎಲ್ಲಿ ಎಂದು ಇನ್ನೊಬ್ಬ.

ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅವನು ಸರೋವರದ ಕಡೆಯವನು. ಚಿತ್ರ ಬರೆದವನು ತನ್ನ ಅಣ್ಣನೇ ಎಂದ. ಇದೇ ಬಾಯಿ, ಇವೇ ಹಲ್ಲುಗಳು ತಮ್ಮ ಮಾವನ ದೋಣಿಯನ್ನು ಬಿಸ್ಕತ್ತಿನ ಹಾಗೆ ಕಚ್ಚಿ ಮುರಿದವು, ಮಾವ ಈಜಿ ಬದುಕಿಕೊಂಡ ಎಂದ.

"ನೀನು ನೋಡಿದ್ದು ಯಾವ ಹಿಪ್ಪೋ ಪುಟ್ಟಿ?" ಎಂದ, ತಮಾಷೆಗಲ್ಲ, ನಿಜವಾಗಿ ತಿಳಿದುಕೊಳ್ಳಲು.

ಗೆಸಾರೆಗೆ ಯಾವತ್ತೂ ಮಾತಿಗೆ ಬರವಿರಲಿಲ್ಲ. ಅವತ್ತು ಕೋರೆಯ ಮೇಲಿದ್ದ ಕೈ ತೆಗೆದಳು. "ಅದು... ಬೇರೆ ಜಾತಿ," ಎಂದಳು. ಕೇಳಿದಿರಾ, ಬೇರೆ ಜಾತಿಯಂತೆ ಎಂದು ನ್ಯಾಂಗಾವು ಡ್ರೈವರಿಗೆ ಪಾಠ ಹೇಳಿದ. ಒಬ್ಬರಿಗೂ ಅವಳ ಮೇಲೆ ಅನುಮಾನ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ವ್ಯಾನು ಕೆಸರು ಚಿಮ್ಮಿಸಿ ಹೊರಟುಹೋಯಿತು. ಹಿಂದಿನಿಂದ ಆ ಬಾಯಿ ಬಹಳ ದೂರದವರೆಗೆ ಕಾಣುತ್ತಿತ್ತು.

ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಗೆಸಾರೆ ಪೆಟ್ಟಿಗೆಯಿಂದ ಒಂದು ನೀರಾನೆ ತೆಗೆದಳು. ತಾತನ ಅರ ಹಿಡಿದು ಹಲ್ಲು ಉಜ್ಜತೊಡಗಿದಳು. ಉಜ್ಜಿದರೆ ಹಲ್ಲು ಸಣ್ಣದಾಗುತ್ತಿತ್ತೇ ಹೊರತು ದೊಡ್ಡದಾಗುತ್ತಿರಲಿಲ್ಲ. ಕಲ್ಲಿಗೆ ಹೋಗುವುದು ಗೊತ್ತು, ವಾಪಸು ಬರುವುದು ಗೊತ್ತಿಲ್ಲ. ಇನ್ನೊಂದು ಸ್ವಲ್ಪ ಜೋರಾಗಿ ಉಜ್ಜಿದಳು. ಟಕ್ ಎಂದು ಕೆಳದವಡೆಯೇ ಕೈಗೆ ಬಂತು.

ತಾತ ಬಾಗಿಲಲ್ಲಿ ನಿಂತಿದ್ದ.

"ತಾತ, ನಾನು ಹಿಪ್ಪೋ ನೋಡಿಲ್ಲ."

"ಕಿಸುಮುನಲ್ಲಿ ನೋಡಿದ್ಯಲ್ಲ."

"ಕಿವಿ ನೋಡಿದೆ. ಎರಡೇ ಕಿವಿ. ಆಮೇಲೆ ಮುಳುಗೋಯ್ತು."

"ಮತ್ತೆ ಹಲ್ಲು?"

"ನಂದು."

ತಾತ ಒಡೆದ ನೀರಾನೆಯನ್ನು ನೋಡಿದ, ಮೊಮ್ಮಗಳನ್ನು ನೋಡಿದ. "ನೀರು ಚಿಮ್ಮಿಸೋದು?"

"ಅದೂ ನಾನೇ. ಹಲ್ಲುಜ್ಜುವಾಗ."

ಬೈಯುತ್ತಾನೆ ಎಂದುಕೊಂಡಳು. ನಗುತ್ತಾನೆ ಎಂದೂ ಒಂದು ಆಸೆ ಇತ್ತು. ತಾತ ಎರಡನ್ನೂ ಮಾಡಲಿಲ್ಲ. ಪೆಟ್ಟಿಗೆಯ ಅಂಚಿನ ಮೇಲೆ ಕುಳಿತು ಒಳಗೆ ಕೈ ಹಾಕಿ ಒಂದೊಂದೇ ನೀರಾನೆಯನ್ನು ಎತ್ತಿ ನೋಡಿ ಇಟ್ಟ. ಅವನ ಕೈಗೆ ಮುಪ್ಪು ಬಂದಿದೆ ಎಂದು ಗೆಸಾರೆಗೆ ಆವತ್ತೇ ಮೊದಲು ಕಂಡದ್ದು.

"ಬೊಸಿಬೋರಿ ಫೋಟೋ ತೋರಿಸ್ತೀನಿ ಅಂದಾಗ ಬೇಡ ಅಂದೋನು ಯಾರು?" ಎಂದು ಕೊನೆಗೆ ಕೇಳಿದ.

"ನೀನು."

"ಹೂಂ. ಹಂಗಾದ್ರೆ ತಪ್ಪು ಮಾಡಿದೋರು ಇಬ್ಬರು. ಹೋಗು, ಬೊಸಿಬೋರಿನ ಕರಿ. ಎಲ್ಲರನ್ನೂ ಕರಿ."

ಬೊಸಿಬೋರಿ ಅತ್ತೆ ಫೋನು ತಂದು ಫೋಟೋ ತೆಗೆದು ತಾತನ ಕೈಗೆ ಕೊಟ್ಟಳು. ಅವನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಮುಖ ಸರಿ, ಹಿಂಭಾಗ ಹೇಗಿದೆ ಎಂದು ಫೋನನ್ನೇ ತಿರುಗಿಸಿ ನೋಡಿದ. ಹಿಂದೆ ಅತ್ತೆಯ ಮಗ ಅಂಟಿಸಿದ ಫುಟ್‌ಬಾಲಿನ ಸ್ಟಿಕರ್ ಇತ್ತು. ಹಿಪ್ಪೋ ಹಿಂದಿನಿಂದ ಬಹಳ ದುಂಡಗಿದೆ ಎಂದು ತಾತನೇ ಹೇಳಿದ. ಆಗ ಮಾತ್ರ ಎಲ್ಲರಿಗೂ ನಗು ಬಂತು. ಅತ್ತೆಗೆ ನಗುವಿನ ಮಧ್ಯೆಯೇ ಹೊಳೆಯಿತು. "ಅಯ್ಯೋ, ಈ ಮುಖ ಎಲ್ಲಿ ನೋಡಿದೀನಿ ಅಂತ ಒದ್ದಾಡ್ತಿದ್ನಲ್ಲ, ದೊಡ್ಡಪ್ಪ. ನಿಮ್ಮ ಮನೆ ಬಾಗಿಲಲ್ಲೇ ಓಡಾಡ್ತಿತ್ತು," ಎಂದಳು.

ಅವತ್ತು ಸಂಜೆ, ಮತ್ತೆ ಬೆಳಗಾಗುತ್ತಲೇ, ಅಂಗಳವೆಲ್ಲ ಹಲ್ಲಿನ ಆಸ್ಪತ್ರೆಯಾಯಿತು. ಸಾಲು ಹಲ್ಲುಗಳನ್ನು ಕೆರೆದು ತೆಗೆದರು. ಬಾಯಿಯನ್ನು ಆಳಕ್ಕೆ ತೋಡಿದರು. ತೋಡಿದಷ್ಟೂ ಮೂಲೆಯ ಕೋರೆ ಎತ್ತರವಾಗಿ ಎದ್ದು ನಿಂತಿತು. ಒಂದು ಕಡೆ ಮಾತ್ರ. ಇನ್ನೊಂದು ಕಡೆ, ಗೆಸಾರೆಯ ಸಂದಿ ಇದ್ದಲ್ಲಿ, ಎದ್ದು ನಿಲ್ಲಲು ಕಲ್ಲೇ ಉಳಿದಿರಲಿಲ್ಲ. ನೀರಾನೆಗೆ ಎಲ್ಲಿ ಅತಿ ದೊಡ್ಡ ಹಲ್ಲು ಇರಬೇಕೋ, ಅವಳು ಸರಿಯಾಗಿ ಅಲ್ಲೇ ಹಲ್ಲು ಕಳೆದುಕೊಂಡಿದ್ದಳು. ಎಷ್ಟು ತೋಡಿದರೂ ಅಲ್ಲಿ ಒಂದು ಮೋಟು ಮಾತ್ರ ಬಂತು. ಕೆಲವಕ್ಕೆ ದವಡೆಯೇ ತೆಳ್ಳಗಾಗಿ ಸೀಳಿತು.

ಗೆಸಾರೆ ಒಂದೊಂದೇ ಬಾಯಿಗೆ ಬೆರಳು ಹಾಕಿ ಪಾಲಿಶ್ ಪೇಪರಿನಿಂದ ಉಜ್ಜಿದಳು. ಬೆರಳ ತುದಿ ಸುಕ್ಕುಗಟ್ಟಿ, ಚರ್ಮ ಕೆಂಪಾಯಿತು.

ಹೊತ್ತು ಏರುವಾಗ ನೈರೋಬಿಯಿಂದ ಕಗೆಂಡೊ ಎನ್ನುವ ಹೆಂಗಸು ಬಂದರು. ಕನ್ನಡಕ ಹಣೆಯ ಮೇಲಿತ್ತು. ಒಂದು ನೀರಾನೆ ತೆಗೆದುಕೊಂಡಾಗ ಕನ್ನಡಕ ಕೆಳಗೆ ಬಂತು.

"ಚೆನ್ನಾಗಿದೆ. ಆದ್ರೆ ಈ ಕಡೆ ಹಲ್ಲು ಯಾಕೆ ಮೋಟು?"

ಬೊಸಿಬೋರಿ ಅತ್ತೆ ತಡಮಾಡಲಿಲ್ಲ. "ಮುರಿದಿದೆ ಮೇಡಂ. ಗಂಡು ಹಿಪ್ಪೋಗಳು ಜಗಳ ಆಡ್ತವಲ್ಲ, ಹಂಗೆ ಕೆತ್ತಿದೀವಿ."

ಕಗೆಂಡೊ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. "ಎಲ್ಲವೂ ಒಂದೇ ಕಡೆ ಮುರ್ಕೊಂಡ್ವಾ?"

ಸಿಂಹದ ಒಂಬಾಸಾ ಗಂಟಲು ಸರಿಮಾಡಿಕೊಂಡು, "ಹೊಡೆದೋನು ಒಬ್ಬನೇ ಇರ್ಬೇಕು ಮೇಡಂ," ಎಂದ.

ಕಗೆಂಡೊಗೆ ನಗು ತಡೆಯಲಾಗಲಿಲ್ಲ. ಒಂದು ಗೂಂಡಾ ಹಿಪ್ಪೋ ಎಲ್ಲರ ಹಲ್ಲು ಮುರಿದ ಕತೆ ಅವರಿಗೆ ಬಹಳ ಹಿಡಿಸಿತು. ಕೊಳ್ಳುವವರಿಗೆ ಇಂಥ ಕತೆಯೇ ಬೇಕು, ಕತ್ತಿನ ಚೀಟಿಯಲ್ಲಿ ಇದನ್ನೇ ಬರೆಸೋಣ, ಮೂರು ಪೆಟ್ಟಿಗೆಯೂ ಹೋಗುತ್ತದೆ ಎಂದರು. ತಾತ ನೆಲ ನೋಡುತ್ತಿದ್ದ. ಉಳಿದವರ ಮುಖದಲ್ಲಿ ಉಸಿರು ವಾಪಸು ಬಂತು.

ಗೆಸಾರೆಗೂ ಬಂತು, ಅರ್ಧ. ಎಷ್ಟು ಸುಲಭ ನೋಡು. ಅವಳದಕ್ಕಿಂತ ಒಳ್ಳೆಯ ಸುಳ್ಳು, ಅದನ್ನೂ ಅವಳು ಹೇಳಬೇಕಾಗಿಲ್ಲ. ಆದರೆ ಅವಳ ಕಣ್ಣಿಗೆ ಸಮುದ್ರದಾಚೆಯ ಒಂದು ಹುಡುಗಿ ಕಂಡಳು. ಆ ಹುಡುಗಿ ಚೀಟಿ ಓದುತ್ತಾಳೆ. ನಂಬುತ್ತಾಳೆ. ಹಿಪ್ಪೋವನ್ನು ಶಾಲೆಗೆ ತಂದು, ನನಗೆ ಗೊತ್ತು ಎಂದು ಎಲ್ಲರ ಮುಂದೆ ಹೇಳುತ್ತಾಳೆ. ಒಂದು ದಿನ ಅವಳ ಶಾಲೆಯ ಮುಂದೆಯೂ ಒಂದು ವ್ಯಾನು ಕೆಸರಿನಲ್ಲಿ ಹೂತುಕೊಳ್ಳುತ್ತದೆ.

"ಯಾರೂ ಹೊಡೆದಿಲ್ಲ ಮೇಡಂ," ಎಂದಳು ಗೆಸಾರೆ. "ಅಲ್ಲಿ ಕಲ್ಲು ಉಳಿದಿರಲಿಲ್ಲ. ನಾನು ತಾತಂಗೆ ತಪ್ಪು ಹೇಳ್ದೆ." ಹೇಗೆ ತಪ್ಪಾಯಿತು ಎಂದು ಬಾಯಿ ತೆರೆದು ತೋರಿಸಿದಳು. ಕಗೆಂಡೊ ಬಗ್ಗಿ ನೋಡಿದರು. ಕೈಯಲ್ಲಿದ್ದ ನೀರಾನೆಯ ಬಾಯಿಯನ್ನೂ ನೋಡಿದರು.

ಕನ್ನಡಕ ಮತ್ತೆ ಹಣೆಗೆ ಏರಿತು. ಈ ಸಲ ಅವರು ನಗಲಿಲ್ಲ. ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಕುಳಿತು ಎಲ್ಲವನ್ನೂ ಬೇರೆ ಮಾಡಿದರು. ಮೋಟು ಸ್ವಲ್ಪ ಉದ್ದ ಬಂದಿದ್ದವು ಒಂದು ಪೆಟ್ಟಿಗೆಗೆ ಹೋದವು. ಉಳಿದ ಎರಡು ಪೆಟ್ಟಿಗೆಗಳನ್ನು ತಾತನ ಕಡೆಗೆ ಸರಿಸಿದರು. ಇವನ್ನು ತೆಗೆದುಕೊಳ್ಳಲು ಆಗುವುದಿಲ್ಲ, ಊಟಕ್ಕೆ ಈ ಸಲ ಕಡಿಮೆಯೇ ಬರುತ್ತದೆ, ಹೊಸದಾಗಿ ಕೆತ್ತಿದರೆ ಮುಂದಿನ ತಿಂಗಳು ಬಂದು ನೋಡುತ್ತೇನೆ ಎಂದರು. ಬೊಸಿಬೋರಿ ಅತ್ತೆ ಸೆರಗಿನಂತೆ ಕಟ್ಟಿಕೊಂಡಿದ್ದ ಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡಳು. ಬಿಳಿ ಪುಡಿ ಹೋಗಿ ಒಂದು ಕಪ್ಪು ಗೆರೆ ಮೂಡಿತು. ಗೆಸಾರೆಯನ್ನು ಯಾರೂ ಬೈಯಲಿಲ್ಲ. ಶಹಭಾಸ್ ಎಂದೂ ಹೇಳಲಿಲ್ಲ.

ಹೊರಡುವ ಮುಂಚೆ ಕಗೆಂಡೊ ಇನ್ನೊಂದು ವಿಷಯ ಹೇಳಿದರು. ಅಂಗಡಿಯವರು ಮುಂದೆ ಚಿಪ್ಪುಹಂದಿ ಕೇಳುತ್ತಿದ್ದಾರೆ. ಮೈತುಂಬ ಚಿಪ್ಪಂತೆ, ಹೆದರಿದರೆ ಚೆಂಡಾಗುತ್ತದಂತೆ. ಕೆತ್ತಲು ಆಗುತ್ತದಾ?

ತಾತ ಕಲ್ಲೊಂದನ್ನು ಕೈಗೆತ್ತಿಕೊಂಡು ತೂಗಿ ನೋಡಿದ. ಆಮೇಲೆ ಅಭ್ಯಾಸ ಬಲದಿಂದ ತಲೆ ತಿರುಗಿಸಿದ. ಅಂಗಳದಲ್ಲಿದ್ದ ಎಲ್ಲ ತಲೆಗಳೂ ತಿರುಗಿದವು, ಗೆಸಾರೆಯ ಕಡೆಗೆ.

ಅವಳ ನಾಲಿಗೆಯ ತುದಿಗೆ ಆಗಲೇ ಒಂದು ಮೂತಿ ಬಂದಿತ್ತು. ಉದ್ದದ ಒಂದು ಬಾಲವೂ ಬಂದಿತ್ತು. ಅದು ಹೇಗೆ ಉರುಳುತ್ತದೆ ಎಂದು ಭುಜ ತಾನಾಗಿ ಬಗ್ಗತೊಡಗಿತ್ತು. ಅವಳು ಅದನ್ನೆಲ್ಲ ಹಿಡಿದು ನಿಲ್ಲಿಸಿದಳು.

"ನಂಗೊತ್ತಿಲ್ಲ ತಾತ. ನಾನು ನೋಡಿಲ್ಲ."

"ನಾನೂ ನೋಡಿಲ್ಲ," ಎಂದ ತಾತ.

ನಾನೂ ಇಲ್ಲ ಎಂದಳು ಅತ್ತೆ. ಒಂಬಾಸಾ, ನೋಡಿಲ್ಲ, ನೋಡಿದರೆ ಓಡುತ್ತೇನೆ ಎಂದ. ಬೇಸಿನ್ನಿನ ಸುತ್ತ ಕುಳಿತ ಹೆಂಗಸರು ಒಬ್ಬೊಬ್ಬರಾಗಿ ಇಲ್ಲ ಇಲ್ಲ ಎಂದರು. ಕೊನೆಗೆ ಎಲ್ಲರೂ ನೈರೋಬಿಯಿಂದ ಬಂದ ಕಗೆಂಡೊ ಅವರನ್ನು ನೋಡಿದರು.

ಅವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಗಂಟು ಬಿಗಿದು ಮುಗಿಸಿ, "ನಾನೂ ನೋಡಿಲ್ಲ," ಎಂದು ಮೆಲ್ಲಗೆ ಹೇಳಿದರು.

ತಾತ ತನ್ನ ಮಣೆಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದ. ಗೆಸಾರೆ ಹೋಗಿ ಅವನ ಎದುರಿಗಲ್ಲ, ಪಕ್ಕದಲ್ಲಿ ಕುಳಿತಳು. ಇಬ್ಬರೂ ಇನ್ನೂ ಏನೂ ಆಗಿರದ ಆ ಕಲ್ಲನ್ನು ನೋಡುತ್ತ, ಅತ್ತೆ ಫೋನು ತರಲೆಂದು ಕಾದರು.